ಅನ್ಬು ಬಿಟ್ಟುಹೋದ ಸೀಟು

ಅನ್ಬು ಮೋಸ ಮಾಡಿರಲಿಲ್ಲ. ಮೋಸ ಮಾಡಿದ್ದು ನಾನು.

ಈ ಎರಡು ಮಾತು ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಬಿ.ಕಾಂ. ಮುಗಿಸಲೂ ಮೂರೇ ವರ್ಷ ಹಿಡಿದಿತ್ತು. ಅದನ್ನು ಊರಿಗೆಲ್ಲ ಹೇಳಿಕೊಂಡು ಓಡಾಡಿದೆ, ಇದನ್ನು ಒಬ್ಬರಿಗೂ ಹೇಳಲಿಲ್ಲ.

ಬಾಯಲ್ಲಿ ಹೇಳಬಹುದಿತ್ತು. ಆದರೆ ನನ್ನ ನಾಲಿಗೆಯ ಬುದ್ಧಿ ನನಗೆ ಗೊತ್ತು. ಹೇಳುತ್ತಾ ಹೇಳುತ್ತಾ ಅದು ನನ್ನ ಕಡೆಗೇ ವಾಲುತ್ತದೆ — ಏನೋ ಸಿಟ್ಟಿನಲ್ಲಿ ಬಂತು, ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರಲಿಲ್ಲ... ಬರೆದಿದ್ದರಲ್ಲಿ ಆ ಆಟ ನಡೆಯುವುದಿಲ್ಲ. ಮಾರನೆಯ ದಿನ ಓದಿದರೆ ಎಲ್ಲಿ ಜಾರಿಕೊಂಡಿದ್ದೇನೆ ಅಂತ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಬರೆದಿದ್ದೇನೆ.

ಮೊದಲು ನಾನು ಯಾರು ಅಂತ ಹೇಳಬೇಕು. ಯಾಕೆಂದರೆ ತಪ್ಪಿನ ಬೇರು ಅಲ್ಲೇ ಇದೆ.

ನನ್ನ ಹೆಸರು ನಾರಾಯಣಸ್ವಾಮಿ. ಕಾಮಸಮುದ್ರದ ಹತ್ತಿರದ ಹಳ್ಳಿ. ಅಪ್ಪ ಕಲ್ಲು ಒಡೆಯುತ್ತಿದ್ದರು, ಅಮ್ಮ ಟೊಮೇಟೊ ಕೀಳಲು ಕೂಲಿಗೆ ಹೋಗುತ್ತಿದ್ದಳು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಕೈ ನನ್ನದು. ಡಿಗ್ರಿ ಸರ್ಟಿಫಿಕೇಟಿನ ನಕಲಿಗೆ ಅಮ್ಮ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿಗೆ ತೂಗುಹಾಕಿದ್ದಾಳೆ. ಶುಕ್ರವಾರ ಅದರ ಗಾಜಿಗೂ ಒಂದು ಬೊಟ್ಟು ಕುಂಕುಮ. ನಾನು ಬೇಡ ಅಂದಿಲ್ಲ. ನನಗೆ ಹಿತವಾಗಿತ್ತು. ಈ ಹೆಮ್ಮೆ ತಪ್ಪು ಅಂತ ಇವತ್ತಿಗೂ ಹೇಳಲಾರೆ, ಹಸಿದು ಓದಿದ್ದೇನೆ. ಆದರೆ ಆ ಹೆಮ್ಮೆಗೆ ಒಬ್ಬ ಮನುಷ್ಯನನ್ನು ಉಣ್ಣಿಸಿಬಿಟ್ಟೆ.

ಬೆಂಗಳೂರಿನ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಮೊದಲ ಬಸ್ಸಿಗೆ ಬಂಗಾರಪೇಟೆ, ಅಲ್ಲಿಂದ ಕೆಜಿಎಫ್ ಕಡೆಯಿಂದ ಬರುವ ರೈಲು. ದಿನಾ ಹೋಗಿಬರುವವರ ರೈಲು ಅದು. ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿರುತ್ತದೆ. ನಮ್ಮ ಪಾಲಿಗೆ ಉಳಿದಿರುವುದು ಹಿಡಿದು ನೇತಾಡುವ ಸರಳು ಮಾತ್ರ. ಆ ರೈಲಿನ ಹಿಂದಿನಿಂದ ಮೂರನೆಯ ಬೋಗಿಯಲ್ಲಿ ನಾವು ನಾಲ್ಕು ಜನ ಚೆಸ್ ಆಡುತ್ತಿದ್ದೆವು.

ಬೋರ್ಡು ಮುನಿಯಪ್ಪಣ್ಣನದು. ಮನೆಯಲ್ಲಿ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ಆಮೇಲೆ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಹಿರಿಯ. ರೆಕ್ಸಿನ್ ಬೋರ್ಡು, ಸುತ್ತಿ ಟಿಫನ್ ಚೀಲದಲ್ಲಿ ಇಡುತ್ತಿದ್ದ. ಮಾತಿನ ಮಲ್ಲ ರಮೇಶ, ಬೇತಮಂಗಲದವನು. ಆಮೇಲೆ ನಾನು. ನಾಲ್ಕನೆಯವನು ಅನ್ಬು — ಕೆಜಿಎಫ್‌ನ ಊರಿಗಾಂನಲ್ಲಿ ಹತ್ತಿ ನಮಗಾಗಿ ಎದುರುಬದುರಿನ ಎರಡು ಕಿಟಕಿ ಸೀಟು ಹಿಡಿದಿಟ್ಟುಕೊಂಡು ಬರುವವನು.

ಆ ಎರಡು ಸೀಟಿಗೇ ನಮ್ಮ ಆಟ. ಒಬ್ಬೊಬ್ಬರಿಗೆ ಮೂರು ನಿಮಿಷ. ಆಡದೆ ನಿಂತಿರುವವನ ಫೋನೇ ಗಡಿಯಾರ. ಗೆದ್ದವನು ಕೂತೇ ಇರುತ್ತಾನೆ, ಸೋತವನು ಎದ್ದು ನಿಂತು ಇನ್ನೊಬ್ಬನಿಗೆ ಜಾಗ ಬಿಡಬೇಕು. ನಿಯಮ ಅಷ್ಟೇ. ವಯಸ್ಸು, ಕಾಲುನೋವು, ಯಾವುದಕ್ಕೂ ರಿಯಾಯಿತಿ ಇಲ್ಲ. ‘ಮುಟ್ಟಿದ್ ಕಾಯಿ ನಡೆಸ್ಲೇಬೇಕು, ಸೋತೋನು ಏಳ್ಲೇಬೇಕು. ಇದು ನಿಮ್ಮಾವನ ಮನೆ ಜಗಲಿ ಅಲ್ಲ ಕಣ್ಲಾ’ ಎನ್ನುತ್ತಿದ್ದ ಮುನಿಯಪ್ಪಣ್ಣ, ತಾನು ಸೋತು ಮಂಡಿ ನೀವಿಕೊಳ್ಳುತ್ತಾ ಏಳುವಾಗಲೂ.

ಅನ್ಬು ಏಳುತ್ತಿದ್ದುದು ಅಪರೂಪ. ಟೇಕಲ್ ಬರುವುದರೊಳಗೆ ಒಬ್ಬನನ್ನು ಎಬ್ಬಿಸುತ್ತಿದ್ದ, ಮಾಲೂರಿಗೆ ಇನ್ನೊಬ್ಬನನ್ನು. ಎಂಟನೇ ಕ್ಲಾಸಿಗೆ ಬಿಟ್ಟವನು. ವೈಟ್‌ಫೀಲ್ಡಿನ ಒಂದು ಫ್ಯಾಕ್ಟರಿಯಲ್ಲಿ ಗುತ್ತಿಗೆ ಎಲೆಕ್ಟ್ರಿಷಿಯನ್. ಆಟ ಕಲಿಸಿದ್ದು ಅವನ ತಾತ, ಗಣಿಯ ಒಳಗೆ ಇಳಿದು ದುಡಿದ ಮನುಷ್ಯ. ಗಣಿ ಕೆಲಸಗಾರರ ಲೈನ್ ಮನೆಗಳ ಮುಂದೆ ಶಿಫ್ಟಿನ ಸೈರನ್ ಕೂಗುವುದರೊಳಗೆ ಆಟ ಮುಗಿಸುತ್ತಿದ್ದರಂತೆ. ‘ಅದಕ್ಕೇ ಅಣ್ಣೇ, ನಂಗೆ ಯೋಚನೆ ಮಾಡಿ ಆಡೋಕೆ ಬರಲ್ಲ, ನೋಡಿ ಆಡ್ತೀನಿ’ ಅಂದಿದ್ದ ಒಮ್ಮೆ. ನನ್ನನ್ನು ಅಣ್ಣೇ ಎನ್ನುತ್ತಿದ್ದ. ಅವನ ತಮಿಳಿನ ಅಣ್ಣ. ಇದು ನೆನಪಿರಲಿ.

ನನ್ನನ್ನು ಉಳಿದವರು ಕರೆಯುತ್ತಿದ್ದುದು ಡಿಗ್ರಿ ಅಂತ. ಅದರಲ್ಲಿ ಅರ್ಧ ಕುಚೋದ್ಯ, ಅರ್ಧ ಮರ್ಯಾದೆ. ಬೋಗಿಯಲ್ಲಿ ಯಾರಿಗೆ ಇಂಗ್ಲಿಷಿನ ಅರ್ಜಿ ಬಂದರೂ ನನ್ನ ಕೈಗೆ. ಬ್ಯಾಂಕಿನದು, ಇನ್‌ಶೂರೆನ್ಸಿನದು, ಮಕ್ಕಳ ಸ್ಕಾಲರ್‌ಶಿಪ್ಪಿನದು — ಎಲ್ಲ ನಾನೇ ತುಂಬಿಕೊಡುತ್ತಿದ್ದೆ. ನಿಂತುಕೊಂಡೇ, ರೈಲಿನ ಗೋಡೆಗೆ ಕಾಗದ ಆನಿಸಿ. ಚೆಸ್ಸಿನಲ್ಲಿ ಸೋತಾಗ ಬಿದ್ದ ಮಾನ ಅರ್ಜಿ ತುಂಬುವಾಗ ವಾಪಸ್ ಬರುತ್ತಿತ್ತು.

ಹಾಗೇ ಒಂದು ದಿನ ಅನ್ಬು ಒಂದು ಅರ್ಜಿ ತಂದ. ಗುತ್ತಿಗೆಯವರು ವರ್ಷಕ್ಕೊಮ್ಮೆ ಬರೆಸಿಕೊಳ್ಳುವ ಆರೋಗ್ಯದ ಹೇಳಿಕೆ. ಸಕ್ಕರೆ ಕಾಯಿಲೆ ಇದೆಯೇ, ಮೂರ್ಛೆ ಬರುತ್ತದೆಯೇ, ಕಣ್ಣು, ಕಿವಿ — ಎದುರಿಗೆ ಇದೆ ಅಥವಾ ಇಲ್ಲ. ನಾನು ಓದುತ್ತಾ ಹೋದೆ, ಅವನು ಇಲ್ಲ, ಇಲ್ಲ ಅನ್ನುತ್ತಾ ಹೋದ. ಕಿವಿಯ ಸಾಲಿಗೆ ಬಂದಾಗ ನಿಂತ. ಸುತ್ತ ನೋಡಿ, ತನ್ನ ಎಡ ಮಗ್ಗುಲು ನನ್ನ ಕಡೆ ಮಾಡಿ ಹತ್ತಿರಕ್ಕೆ ಬಂದ.

‘ಅಣ್ಣೇ, ಅದಕ್ಕೂ ಇಲ್ಲ ಅಂತ ಹಾಕಿ. ಆದ್ರೆ... ಇದೆ.’

ಅವನ ಬಲಗಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸೋರಿ ಸೋರಿ ಹೋದ ಕಿವಿ. ಅಲಾರಂ ಯಾವ ಕಡೆಯಿಂದ ಬಂತು ಅಂತ ತಿಳಿಯದವನನ್ನು ಕರೆಂಟಿನ ಪ್ಯಾನೆಲ್ ರೂಮಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಗೊತ್ತಾದರೆ ಕೆಲಸ ಹೋದ ಹಾಗೇ. ಮನೆಯಲ್ಲಿ ತಾಯಿ, ಹೆಂಡತಿ, ಹೆಣ್ಣುಮಗು.

ಆಗ ನನಗೆ ಅವನ ಇಯರ್‌ಫೋನಿನ ಗುಟ್ಟು ತಿಳಿಯಿತು. ಯಾವಾಗಲೂ ಬಲಗಿವಿಯಲ್ಲಿ ಒಂದು ಇಯರ್‌ಫೋನ್, ಅದರ ಬಿಳಿ ತಂತಿ ಅಂಗಿಯ ಜೇಬಿನೊಳಗೆ. ರಮೇಶ ಅವನಿಗೆ ‘ರೇಡಿಯೋ’ ಅಂತ ಹೆಸರಿಟ್ಟಿದ್ದ. ಆ ತಂತಿಯ ಇನ್ನೊಂದು ತುದಿ ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಯಾರಾದರೂ ಬಲಗಡೆಯಿಂದ ಕರೆದು, ಇವನು ತಿರುಗದಿದ್ದರೆ, ಹಾಡು ಕೇಳ್ತಿದ್ದಾನೆ ಬಿಡು ಅಂದ್ಕೊಳ್ಳಲಿ ಅಂತ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದು ವಾಸಿ ಅಂತ...

ನಾನು ‘ಇಲ್ಲ’ಕ್ಕೆ ಗುರುತು ಹಾಕಿದೆ. ‘ನನ್ನ ಹತ್ರ ಇರುತ್ತೆ, ಹೋಗು’ ಅಂದೆ. ಅವನು ನನ್ನ ಕೈ ಹಿಡಿದು ಅಮುಕಿದ. ಬೋಗಿಯಲ್ಲಿ ಆ ಸಂಗತಿ ಗೊತ್ತಿದ್ದುದು ನನಗೊಬ್ಬನಿಗೆ.

ಆ ವರ್ಷ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ನಡೆಯುತ್ತಿತ್ತು. ಎಲ್ಲೋ ಬೇರೆ ದೇಶದಲ್ಲಿ ಆಟ. ನಾವು ಸಂಜೆ ವಾಪಸ್ ರೈಲು ಹತ್ತುವ ಹೊತ್ತಿಗೆ ಅಲ್ಲಿ ಬಿಸಿ ಏರಿರುತ್ತಿತ್ತು. ರಮೇಶನ ದೊಡ್ಡ ಫೋನಿನಲ್ಲಿ ನೇರ ಪ್ರಸಾರ, ಎಲ್ಲರ ತಲೆ ಅದರ ಮೇಲೆ. ಆ ಪ್ರಸಾರಗಳಲ್ಲಿ ಪರದೆಯ ಅಂಚಿಗೆ ಒಂದು ಕಪ್ಪು ಬಿಳಿ ಪಟ್ಟಿ ಇರುತ್ತದೆ. ಯಾರ ಕೈ ಮೇಲಾಗಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಅದನ್ನು ಏರಿಸಿ ಇಳಿಸುತ್ತಿರುತ್ತದೆ. ಅದನ್ನು ನೋಡಿಕೊಂಡು ಎಲ್ಲರೂ ಪಂಡಿತರೇ. ಅನ್ಬುಗೆ ಅದು ಆಗುತ್ತಿರಲಿಲ್ಲ. ಒಂದು ದಿನ ಜೇಬಿನಿಂದ ಕರಿ ಇನ್ಸುಲೇಷನ್ ಟೇಪ್ ತೆಗೆದು, ಹಲ್ಲಿನಲ್ಲಿ ಹರಿದು, ಆ ಪಟ್ಟಿಯ ಮೇಲೆ ನೀಟಾಗಿ ಅಂಟಿಸಿದ. ‘ಈಗ ನೋಡಿ. ಈಗ ನಾವೂ ಆಡೋರೂ ಒಂದೇ.’

ಅಂದಿನಿಂದ ಟೇಪು ಕಾಯಂ ಆಯಿತು. ಇನ್ನೊಂದು ಪದ್ಧತಿಯೂ ಬಂತು. ಮಾಲೂರು ಬಿಟ್ಟು ಟೇಕಲ್ ಬಂಡೆಗುಡ್ಡಗಳ ಹತ್ತಿರ ಬಂದರೆ ನೆಟ್ ಹೋಗುತ್ತಿತ್ತು. ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು. ಆ ಐದಾರು ನಿಮಿಷದಲ್ಲಿ ಎಲ್ಲರೂ ಮುಂದಿನ ನಡೆ ಹೇಳಬೇಕು. ನೆಟ್ ಬಂದಾಗ ಯಾರದು ಸರಿಯೋ ಅವನಿಗೆ ಕಿಟಕಿ ಸೀಟು.

ಆ ದಿನ — ಅದೊಂದು ಗುರುವಾರ — ಬೆಳಗ್ಗೆ ನಾನು ಅನ್ಬುಗೆ ಸೋತಿದ್ದೆ. ಬರೀ ಸೋತಿರಲಿಲ್ಲ. ಎರಡು ವಾರ ವೀಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡು ಹೋಗಿದ್ದೆ. ಒಂದು ಆನೆ ಹೆಚ್ಚಿತ್ತು ನನ್ನ ಕಡೆ. ಅವನ ಗಡಿಯಾರದಲ್ಲಿ ಹತ್ತು ಸೆಕೆಂಡ್ ಉಳಿದಿರಲಿಲ್ಲ. ಅಷ್ಟರಲ್ಲೇ ಕುದುರೆ ಹಾರಿಸಿ, ಹಾರಿಸಿ, ನನ್ನ ರಾಜನನ್ನು ಮೂಲೆಗೆ ಒತ್ತಿ ಮುಗಿಸಿಬಿಟ್ಟ. ವೈಟ್‌ಫೀಲ್ಡಿನಲ್ಲಿ ಅವನು ಇಳಿಯುವವರೆಗೂ ನಿಂತೆ. ಅವನು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದ. ಆ ನಿದ್ದೆಯನ್ನು ನೋಡುತ್ತಾ ನಿಂತಿದ್ದೆ. ನಾನು ಪದವೀಧರ, ಇವನು ಎಂಟನೇ ಕ್ಲಾಸು... ಹೌದು, ಇದೇ ಮಾತು ಮನಸ್ಸಿನಲ್ಲಿ ಓಡುತ್ತಿತ್ತು. ಬೇರೆ ಯಾವುದೂ ಅಲ್ಲ.

ಸಂಜೆ ನಾನು ಮೊದಲು ಹತ್ತಿದ್ದರಿಂದ ಕಿಟಕಿ ಸೀಟು ನನ್ನದಾಗಿತ್ತು. ಅನ್ಬು ವೈಟ್‌ಫೀಲ್ಡಿನಲ್ಲಿ ಹತ್ತಿದ. ಅವನ ಹಿಂದೆಯೇ ಅವನ ಫ್ಯಾಕ್ಟರಿಯ ಸೂಪರ್‌ವೈಸರೂ ಹತ್ತಿ ಪಕ್ಕದ ಸಾಲಿನಲ್ಲಿ ಕೂತ. ನನಗೆ ಆ ಮನುಷ್ಯನ ಮುಖ ಗೊತ್ತಿತ್ತು. ಈ ಸಾಲನ್ನು ಬರೆಯದೇ ಬಿಡಬಹುದಿತ್ತು. ಬಿಡುವುದಿಲ್ಲ. ಗೊತ್ತಿತ್ತು.

ಮಾಲೂರು ಬಿಟ್ಟಿತು. ಆಟ ಕೊನೆಯ ಘಟ್ಟಕ್ಕೆ ಬಂದಿತ್ತು. ಎರಡೂ ಕಡೆ ಮಂತ್ರಿ, ಕೆಲವು ಕಾಲಾಳು. ಬಿಳಿಯವನು ಯೋಚಿಸುತ್ತಾ ಕೂತಿದ್ದ. ಚಿತ್ರ ನಿಂತಿತು.

‘ಬೇಗ ಬೇಗ, ಏನ್ ನಡೆ?’ ಅಂದ ಮುನಿಯಪ್ಪಣ್ಣ.

ನಾನೇ ಮೊದಲು ಹೇಳಿದೆ. ‘ಮಂತ್ರಿಗೆ ಮಂತ್ರಿ ಹೊಡ್ಕೊಂಡು ಡ್ರಾ ಮಾಡ್ಕೋತಾನೆ. ಥಿಯರಿ ಪ್ರಕಾರ ಬೇರೆ ದಾರಿ ಇಲ್ಲ.’ ಥಿಯರಿ ಅನ್ನುವ ಮಾತನ್ನು ಒತ್ತಿ ಹೇಳಿದ್ದು ನೆನಪಿದೆ. ರಮೇಶ ಒಂದು ಕಾಲಾಳು ತಳ್ಳಿದ. ಅನ್ಬು ಎಡಗೈ ಬೆರಳಿಂದ ಪರದೆಯ ಮೇಲೆ ಗಾಳಿಯಲ್ಲೇ ಒಂದು ಗೆರೆ ಎಳೆದ.

‘ರಾಜ. ರಾಜ ನಡ್ಕೊಂಡು ಮಧ್ಯಕ್ಕೆ ಬರ್ತಾನೆ.’

‘ಮಂತ್ರಿ ಇರೋವಾಗ್ಲಾ?’ ರಮೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಲೇ ರೇಡಿಯೋ, ರಾಜ ಏನು ಸಂತೆಗೆ ಒಂಟವ್ನಾ?’ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನೆಟ್ ಬಂತು. ಬಿಳಿ ರಾಜ ಒಂದು ಮನೆ ಮುಂದೆ ಬಂದು ನಿಂತಿದ್ದ. ನಾವು ನೋಡುತ್ತಿದ್ದಂತೆ ಇನ್ನೊಂದು ಮನೆ ಮುಂದೆ ಬಂದ.

ಮುನಿಯಪ್ಪಣ್ಣ ಪರದೆಗೆ ಮುಖ ಹತ್ತಿರ ತಂದು ನೋಡಿದ. ಆಮೇಲೆ ರಮೇಶ ನನ್ನ ಭುಜ ತಟ್ಟಿದ. ‘ಏಳ್ಲಾ ಡಿಗ್ರಿ, ಎದ್ದೇಳು! ಬೆಳಗ್ಗೆ ನಿಂತ್ಕಂಡ್ ಓದೆ, ಸಂಜೆ ನಿಂತ್ಕಂಡ್ ಬತ್ತೀಯ. ನಿಮ್ಮಮ್ಮಂಗೆ ಓಗಿ ಏಳು, ಆ ಸರ್ಟಿಫಿಕೇಟ್‌ಗಾದ್ರೂ ಒಂದ್ ಕುರ್ಚಿ ಆಕಮ್ಮಾ, ನಿನ್ ಮಗ ನಿಂತೇ ಅವ್ನೆ ಅಂತ!’

ಬೋಗಿಗೆ ಬೋಗಿಯೇ ನಕ್ಕಿತು. ಗುರುತಿಲ್ಲದವರೂ ನಕ್ಕರು. ಅನ್ಬು ನಗಲಿಲ್ಲ. ‘ಅಣ್ಣೇ, ನೀವೇ ಕೂತ್ಕೊಳ್ಳಿ, ಪರವಾಗಿಲ್ಲ’ ಅಂದ. ಅದೇ ನನ್ನನ್ನು ಸುಟ್ಟಿತು. ಇವನು ನನಗೆ ಸೀಟು ದಾನ ಕೊಡುತ್ತಾನೆ...

ಎದ್ದೆ. ಅವನು ಸಂಕೋಚದಿಂದ ಕೂತ. ನಿಂತುಕೊಂಡು, ಸರಳು ಹಿಡಿದುಕೊಂಡು, ನಾನು ಆ ಮಾತು ಹೇಳಿದೆ.

‘ಅವನ ಕಿವೀಲಿ ಏನಿದೆ ಅಂತ ಒಂದ್ಸಲ ಕೇಳ್ರೋ.’

ನಗು ನಿಂತಿತು. ಮುನಿಯಪ್ಪಣ್ಣ ತಲೆ ಎತ್ತಿದ. ‘ಏನ್ಲಾ ಅಂಗಂದ್ರೆ?’

‘ಇನ್ನೇನು? ಎಲ್ಲಾ ಆಟಕ್ಕೂ ಕಿವೀಲಿ ಅದ್ಯಾಕೆ? ದೊಡ್ಡ ದೊಡ್ಡ ಪಂದ್ಯದಲ್ಲೇ ಇಂಥಾದ್ದಕ್ಕೆ ತಡಕ್ತಾರೆ. ಇವನೇನು ಗ್ರಾಂಡ್‌ಮಾಸ್ಟರಾ, ಕಂಪ್ಯೂಟರ್ ಆಡೋ ನಡೆ ಇವನ ಬಾಯಿಗೆ ಬರೋಕೆ?’

ಚೆಸ್ ನೋಡುವವರಿಗೆ ಇಂಥ ಗುಮಾನಿಯ ಕಥೆಗಳು ಹೊಸದಲ್ಲ. ಯಾರೋ ಯಾರನ್ನೋ ಅನುಮಾನಿಸಿದ, ಇನ್ಯಾರನ್ನೋ ಜೇಬು ತಡಕಿ ಒಳಗೆ ಬಿಟ್ಟರು ಅಂತ ದಿನಾ ಓದುತ್ತಿದ್ದೆವು, ರುಚಿಯಾಗಿ ಮಾತಾಡಿಕೊಳ್ಳುತ್ತಿದ್ದೆವು. ಬೆಂಕಿಕಡ್ಡಿ ಗೀರುವುದಷ್ಟೇ ನನ್ನ ಕೆಲಸವಾಗಿತ್ತು. ಹುಲ್ಲು ಒಣಗಿಯೇ ಇತ್ತು.

ಮುನಿಯಪ್ಪಣ್ಣ ಕೆಟ್ಟವನಲ್ಲ. ಮೆಲ್ಲಗೆ ಕೈ ಚಾಚಿದ. ‘ಅನ್ಬು, ಅದ್ನ ಒಸಿ ತೆಗೆದು ಕೊಡಪ್ಪ. ನಾನೂ ಕೇಳ್ತೀನಿ ಏನ್ ಆಡು ಅಂತ. ಮುಗ್ದೋಯ್ತಲ್ಲ.’

ಅನ್ಬುವಿನ ಕೈ ಬಲಗಿವಿಗೆ ಹೋಯಿತು. ಮುಚ್ಚಿಕೊಂಡಿತು. ತೆಗೆದುಕೊಟ್ಟರೆ ಅದರಲ್ಲಿ ಏನೂ ಇಲ್ಲ ಅಂತ ಗೊತ್ತಾಗುತ್ತಿತ್ತು, ಕಳ್ಳ ಅನ್ನುವ ಮಾತು ಅಲ್ಲೇ ಸಾಯುತ್ತಿತ್ತು. ಆದರೆ ಆಮೇಲೆ ಮುನಿಯಪ್ಪಣ್ಣನೇ ಕೇಳುತ್ತಿದ್ದ, ಏನೂ ಬರದ ತಂತಿ ಕಿವಿಗ್ಯಾಕೋ ಅಂತ. ಪಕ್ಕದ ಸಾಲಿನ ಸೂಪರ್‌ವೈಸರ್ ಆಗಲೇ ಇತ್ತ ತಿರುಗಿ ಕೂತಿದ್ದ. ಅನ್ಬು ಅವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ‘ನೀವೇ ಹೇಳಿ’ ಅಂತ ಕಣ್ಣಲ್ಲೇ ಕೇಳುತ್ತಿದ್ದ. ನಗೆಚಾಟಿಕೆ ಅಂತಲೋ, ಬಿಡ್ರೋ ಸುಮ್ನೆ ಅಂದೆ ಅಂತಲೋ — ಒಂದು ಮಾತು. ಕಿವಿಯ ಸುದ್ದಿ ಎತ್ತದೆಯೇ ಅವನನ್ನು ಬಿಡಿಸಬಹುದಿತ್ತು. ಇನ್ನೂ ಒಂದು ಇತ್ತು. ನೆಟ್ಟೇ ಇಲ್ಲದ ಜಾಗದಲ್ಲಿ ಅವನ ಕಿವಿಗೆ ಯಾರು ಬಂದು ಹೇಳಿಯಾರು? ಅಷ್ಟು ಜನರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಆ ಕ್ಷಣದಲ್ಲೇ ಹೊಳೆದಿತ್ತು. ಹೊಳೆದೂ ಸುಮ್ಮನೆ ನಿಂತಿದ್ದೆ.

ಅವನು ಎದ್ದ.

‘ಸರಿ ಸಾರ್. ಸೀಟು ನೀವೇ ಇಟ್ಕೊಳ್ಳಿ.’

ಸಾರ್. ಅಣ್ಣೇ ಅಲ್ಲ. ಜನರನ್ನು ಸರಿಸಿಕೊಂಡು ಬಾಗಿಲಿಗೆ ಹೋಗಿ ಬೆನ್ನು ಮಾಡಿ ನಿಂತ. ‘ಅಂಗಾದ್ರೆ ನಿಜಾನೇಯಾ!’ ಅಂದ ರಮೇಶ. ನಾನು ಕೂತೆ. ಸೀಟು ಇನ್ನೂ ಬೆಚ್ಚಗಿತ್ತು. ಬಂಗಾರಪೇಟೆಯವರೆಗೂ ಆ ಬಿಸಿಯ ಮೇಲೆ ಕೂತು ಬಂದೆ. ಇಳಿದು ತಿರುಗಿಯೂ ನೋಡಲಿಲ್ಲ. ಅವನು ಊರಿಗಾಂವರೆಗೆ ಬಾಗಿಲಲ್ಲೇ ನಿಂತು ಹೋಗಿರಬೇಕು.

ಮರುದಿನದಿಂದ ಅವನು ನಮ್ಮ ಬೋಗಿಗೆ ಬರಲಿಲ್ಲ. ನಮಗೆ ಸೀಟು ಹಿಡಿಯುವವರೂ ಇಲ್ಲವಾದರು. ಆಟ ನಡೆಯಿತು, ಯಾರಾದರೂ ಎದ್ದು ಜಾಗ ಕೊಟ್ಟರೆ. ಆಡುವಾಗ ಕಿವಿಗೆ ಏನೂ ಹಾಕಿಕೊಳ್ಳಬಾರದು ಅಂತ ಮುನಿಯಪ್ಪಣ್ಣ ಹೊಸ ನಿಯಮ ಮಾಡಿದ. ದೊಡ್ಡ ಆಟಗಾರರಲ್ಲಿ ಯಾರ ಮೇಲೆ ಗುಮಾನಿ ಎದ್ದರೂ ರಮೇಶ ‘ನಮ್ ರೇಡಿಯೋ ತರ’ ಅನ್ನುವುದನ್ನು ರೂಢಿ ಮಾಡಿಕೊಂಡ. ಹೊಸದಾಗಿ ಸೇರಿದವರಿಗೂ ಆ ಕಥೆ ಹೇಳುತ್ತಾನೆ. ಅದರಲ್ಲಿ ನಾನು ಕಳ್ಳನನ್ನು ಹಿಡಿದ ಜಾಣ. ಎಷ್ಟು ಸಲ ಆ ಕಥೆ ನನ್ನ ಎದುರೇ ನಡೆದಿದೆ! ಒಂದು ಸಲವೂ ತಡೆಯಲಿಲ್ಲ. ಒಂದೆರಡು ಸಲ — ಇದನ್ನೂ ಬರೆಯಬೇಕು — ಅವನು ಮರೆತ ವಿವರ ನಾನೇ ನೆನಪಿಸಿದ್ದೇನೆ.

ಇಲ್ಲಿಗೆ ನಿಲ್ಲಿಸಿದರೆ ಓದುವವರು ನನ್ನನ್ನು ಅರ್ಧ ಕ್ಷಮಿಸಬಹುದು. ಬಾಯಿ ಜಾರಿತು, ಪಾಪ, ಜನ ನಕ್ಕರು ಅಂತ. ಮೊದಲ ಮೂರು ಸಲ ಬರೆದಾಗ ಇಲ್ಲಿಗೇ ನಿಲ್ಲಿಸಿದ್ದೆ. ಹರಿದಿದ್ದು ಅದಕ್ಕೇ.

ಆ ಗುರುವಾರಕ್ಕೆ ಹತ್ತು ದಿನ ಮುಂಚೆ ಅನ್ಬು ಇನ್ನೊಂದು ಅರ್ಜಿ ಕೊಟ್ಟಿದ್ದ. ಕೋಲಾರದಲ್ಲಿ ಒಂದು ಪಂದ್ಯಾವಳಿ, ಯಾರು ಬೇಕಾದರೂ ಸೇರಬಹುದಾದದ್ದು. ಅವನ ಬದುಕಿನಲ್ಲಿ ರೈಲಿನ ಹೊರಗೆ ಆಡುವ ಮೊದಲ ಪಂದ್ಯ ಅದಾಗುತ್ತಿತ್ತು. ಹೆಸರು, ವಯಸ್ಸು, ವಿಳಾಸ ನಾನೇ ತುಂಬಿದ್ದೆ. ಅವನು ಸಹಿಯನ್ನು ತಮಿಳಿನಲ್ಲಿ ಹಾಕಿದ. ‘ತಾತ ಇದ್ದಿದ್ರೆ...’ ಅಂದು ಮಾತು ಅಲ್ಲಿಗೇ ಬಿಟ್ಟ. ನನ್ನ ಕಚೇರಿಯ ಪಕ್ಕದಲ್ಲೇ ಅಂಚೆ ಕಚೇರಿ. ನಾಳೆ ಕಳಿಸ್ತೀನಿ ಅಂದೆ. ಕಳಿಸಲಿಲ್ಲ. ಮರೆಯಲಿಲ್ಲ — ದಿನಾ ಚೀಲ ತೆಗೆದಾಗ ಕಾಣುತ್ತಿತ್ತು. ನಾಳೆ, ನಾಡಿದ್ದು ಅಂತ ತಳ್ಳಿದೆ. ಕೊನೆಯ ದಿನಾಂಕ ಕಳೆಯಿತು. ಆ ಗುರುವಾರದ ನಂತರ ಅವನು ಅದನ್ನು ಕೇಳಲೂ ಇಲ್ಲ. ಅಂದರೆ ನನ್ನ ಬಾಯಿ ಜಾರಿದ್ದಲ್ಲ. ಅದಕ್ಕೂ ಮುಂಚೆ ಕೈ ಕೆಟ್ಟಿತ್ತು. ನಮ್ಮ ವಂಶದಲ್ಲಿ ಮೊದಲು ಸಹಿ ಹಾಕಿದ ಕೈ.

ಆ ಅರ್ಜಿ ಈಗಲೂ ನನ್ನ ಡಿಗ್ರಿ ಸರ್ಟಿಫಿಕೇಟು ಇಟ್ಟಿರುವ ಫೈಲಿನಲ್ಲೇ ಇದೆ. ಹರಿಯಲು ಧೈರ್ಯ ಸಾಲಲಿಲ್ಲ.

ಹೇಳಬೇಕು ಅಂತ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ನನ್ನ ಹತ್ತಿರ ಒಂದು ಚಂದದ ನೆಪ ಇತ್ತು. ಸತ್ಯ ಹೇಳಿದರೆ ಕಿವಿಯ ಗುಟ್ಟು ಬಿಚ್ಚಬೇಕು, ಅವನ ಕೆಲಸ ಹೋಗುತ್ತದೆ, ನಾನು ಸುಮ್ಮನಿರುವುದೇ ಅವನಿಗೆ ಒಳ್ಳೆಯದು — ಹೀಗೆ. ಎರಡು ವರ್ಷಕ್ಕೂ ಮೇಲೆ ಆ ನೆಪವನ್ನು ತಲೆದಿಂಬು ಮಾಡಿಕೊಂಡು ಮಲಗಿದೆ.

ಏಳು ತಿಂಗಳ ಹಿಂದೆ ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಅವನನ್ನು ದೂರದಿಂದ ಕಂಡೆ. ಹೆಗಲಿಗೆ ಟೂಲ್ ಚೀಲ. ಬಲಗಿವಿಯ ಹಿಂದೆ ಕಿವಿ ಕೇಳುವ ಮಿಷಿನ್, ಯಾರಿಗೆ ಬೇಕಾದರೂ ಕಾಣುವ ಹಾಗೆ. ಬಿಳಿ ತಂತಿ ಇರಲಿಲ್ಲ. ಮುಚ್ಚಿಡಲು ಅವನಿಗೆ ಏನೂ ಉಳಿದಿಲ್ಲ ಅಂತ ತಿಳಿಯಿತು. ಅಂದರೆ ನನಗೂ. ಕಂಬದ ಹಿಂದೆ ಸರಿದು ನಿಂತೆ. ಅಲ್ಲಿಂದ ಮುಂದಿನ ಏಳು ತಿಂಗಳಿಗೆ ನನ್ನ ಹತ್ತಿರ ನೆಪವೂ ಇಲ್ಲ.

ಹೋದ ಭಾನುವಾರ ಊರಿಗಾಂಗೆ ಹೋದೆ.

ಲೈನ್ ಮನೆಯ ಮುಂದೆ ಚಾಪೆಯ ಮೇಲೆ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಫ್ಯಾಕ್ಟರಿಯ ಗುತ್ತಿಗೆ ತಾನಾಗಿಯೇ ಮುಗಿಯಿತಂತೆ. ಈಗ ಮನೆ ವೈರಿಂಗ್, ರಿಪೇರಿ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಅವನ ತಾಯಿ ಕಾಫಿ ಕೊಟ್ಟು, ‘ಡಿಗ್ರಿ ತಂಬಿನಾ? ಅಮ್ಮ ಚೆನ್ನಾಗವ್ರಾ?’ ಅಂತ ಕೇಳಿದರು. ಅಂದರೆ ಅವನು ಮನೆಯಲ್ಲಿ ನನ್ನ ಬಗ್ಗೆ ಕೆಟ್ಟದ್ದೇನೂ ಹೇಳಿರಲಿಲ್ಲ. ಲೋಟವನ್ನು ಚಾಪೆಯ ಅಂಚಿಗೆ ಇಟ್ಟೆ.

‘ಆಡ್ತೀಯಾ ಈಗ್ಲೂ?’ ಅಂದೆ.

‘ಇಲ್ಲ ಸಾರ್. ದೊಡ್ಡೋರ ಆಟ ನೋಡ್ತೀನಿ ಅಷ್ಟೇ.’ ಪಕ್ಕದಲ್ಲಿ ಅವನ ಫೋನ್ ಇತ್ತು. ಪರದೆಯ ಅಂಚಿಗೆ ಕರಿ ಟೇಪು.

ಅವನ ಪಕ್ಕ ಕೂತು ಹೇಳತೊಡಗಿದೆ. ತಲೆ ತಗ್ಗಿಸಿ, ತಗ್ಗಿದ ದನಿಯಲ್ಲಿ, ಗುರುವಾರದ್ದು, ಅರ್ಜಿಯದು, ರಮೇಶನ ಕಥೆಗಳದ್ದು, ಎಲ್ಲ. ಮುಗಿಸಿ ತಲೆ ಎತ್ತಿದರೆ ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ.

‘ಸಾರ್, ಮನೇಲಿ ಮಿಷಿನ್ ಹಾಕ್ಕೊಳಲ್ಲ. ಅರ್ಧ ಕೇಳಿಸ್ಲಿಲ್ಲ. ಈ ಕಡೆ ಬಂದು ಹೇಳಿ.’

ನಾನು ಕೂತಿದ್ದುದು ಅವನ ಬಲಗಡೆ.

ಗೊತ್ತಿದ್ದೂ ಆ ಕಡೆ ಕೂತೆನೇ? ದೇವರಾಣೆ ನನಗೆ ತಿಳಿಯದು. ಆ ಚಾಪೆಯಲ್ಲಿ ಎರಡೂ ಕಡೆ ಜಾಗ ಇತ್ತು. ಎದ್ದು, ಮಿಕ್ಸಿಯ ತುಣುಕುಗಳನ್ನು ದಾಟಿ, ಎಡಗಡೆ ಕೂತು, ಮೊದಲಿಂದ ಹೇಳಿದೆ. ಎರಡನೆಯ ಸಲ ಇನ್ನೂ ಕಷ್ಟ. ಮೊದಲ ಸಲ ಬಳಸಿದ ನಯದ ಮಾತುಗಳು ಅಷ್ಟರಲ್ಲಿ ನನಗೇ ವಾಕರಿಕೆ ತಂದಿದ್ದವು.

ಪೂರ್ತಿ ಕೇಳಿಸಿಕೊಂಡ. ಅರ್ಜಿಯ ಮಾತು ಬಂದಾಗ ಮಾತ್ರ ಕಣ್ಣು ಮುಚ್ಚಿ ತೆರೆದ. ಅದು ಅವನಿಗೆ ಗೊತ್ತಿರಲಿಲ್ಲ. ಹೋಗಿ ತಲುಪದೇ ಕಳೆದಿರಬೇಕು ಅಂತಲೋ, ಅಲ್ಲಿಗೂ ತನ್ನ ಸುದ್ದಿ ಮುಟ್ಟಿ ಕರೆಯಲಿಲ್ಲ ಅಂತಲೋ ಅಂದುಕೊಂಡಿದ್ದನಂತೆ. ಜೊತೆಗೆ ತಂದಿದ್ದ ಅರ್ಜಿಯನ್ನು ಮುಂದೆ ಹಿಡಿದೆ. ಕೈಗೆ ತೆಗೆದುಕೊಳ್ಳಲಿಲ್ಲ. ತನ್ನ ಸಹಿಯನ್ನು ಒಂದು ಸಲ ನೋಡಿದ, ಅಷ್ಟೇ.

‘ಸಾರ್,’ ಅಂದ ಕೊನೆಗೆ, ‘ನಾನು ಮೋಸ ಮಾಡಿಲ್ಲ ಅಂತ ನಂಗೆ ಯಾಕೆ ಹೇಳ್ತೀರಾ? ಅದು ನಂಗೆ ಗೊತ್ತಲ್ಲ. ಗೊತ್ತಿಲ್ದಿರೋರಿಗೆ ಹೇಳಿ.’

‘ಕಿವಿ ವಿಷಯ...’

‘ಅದೂ ಹೇಳಿ. ಎಲ್ಲಾ ಹೇಳಿ. ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ.’

ಮತ್ತೆ ಮಿಕ್ಸಿ ಕೈಗೆತ್ತಿಕೊಂಡ. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ. ಕೇಳುವುದಕ್ಕೆ ಬಾಯಿ ತೆರೆದಿದ್ದೆ; ಅದೂ ಒಂದು ಸೀಟು ಕೇಳಿದ ಹಾಗೇ ಅನ್ನಿಸಿ ಮುಚ್ಚಿದೆ.

ಅದಕ್ಕೇ ಇದನ್ನು ಬರೆದಿದ್ದು. ಅಚ್ಚಿಗೆ ಕೊಡುವುದು ಆಮೇಲೆ. ಮೊದಲು ಕೇಳಬೇಕಾದವರು ಆ ಬೋಗಿಯವರು. ನಾಳೆ ಸೋಮವಾರ. ಬಂಗಾರಪೇಟೆ ಬಿಟ್ಟ ಕೂಡಲೇ ಶುರು ಮಾಡಿದರೆ ಮಾಲೂರು ಬರುವುದರೊಳಗೆ ಓದಿ ಮುಗಿಸಬಹುದು. ಕೋಣೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ನೋಡಿದ್ದೇನೆ. ನಾಲ್ಕನೆಯ ಪುಟದಲ್ಲಿ ದನಿ ಸಣ್ಣದಾಗುತ್ತದೆ, ಅಲ್ಲಿ ಹುಷಾರಾಗಿರಬೇಕು. ಮುನಿಯಪ್ಪಣ್ಣ ಬೋರ್ಡು ಬಿಚ್ಚುತ್ತಿರುತ್ತಾನೆ. ರಮೇಶ ಏನಾದರೂ ಹಾಸ್ಯ ಹಾರಿಸುತ್ತಾನೆ, ಆಮೇಲೆ ಹಾರಿಸಲಾರ. ‘ಓಗ್ಲಿ ಬಿಡ್ಲಾ, ಅಳೇದು’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆ ಮಾತಿಗೆ ಹೂಂ ಅನ್ನಬಾರದು.

ಯಾರಾದರೂ ಕಿಟಕಿ ಸೀಟು ಬಿಟ್ಟುಕೊಟ್ಟರೆ, ಎಂದಿನ ಹಾಗೆ ಅದನ್ನು ತೋರಿಸಿ ‘ಬಾರಲಾ ಡಿಗ್ರಿ, ಕೂತ್ಕೋ’ ಎನ್ನುತ್ತಾರೆ.

ನಿಂತೇ ಓದುತ್ತೇನೆ.